ನಿಂತ ಚಕ್ರ, ಕಾಣದ ಕಣ್ಣು

ಬ್ರೇಕು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಹಿಡಿತ. ಹಿಡಿದರೆ ಬಂಡಿ ನಿಲ್ಲಬೇಕು, ಬಿಟ್ಟರೆ ಓಡಬೇಕು. ಗಾಡಿಯ ಗಾಲಿಗೆ ಮರದ ತುಂಡನ್ನು ಒತ್ತಿ ಇಳಿಜಾರಿನಲ್ಲಿ ತಡೆಯುತ್ತಿದ್ದ ಕಾಲದಿಂದಲೂ ಇದೇ ನಂಬಿಕೆ. ಇಪ್ಪತ್ತನೆಯ ಶತಮಾನದ ಎಂಜಿನಿಯರರು ಸುಮಾರು ಅರ್ಧ ಶತಮಾನ ತಲೆ ಕೆಡಿಸಿಕೊಂಡದ್ದಾದರೋ ಇದಕ್ಕೆ ತೀರ ವಿರುದ್ಧವಾದ ಒಂದು ಪ್ರಶ್ನೆಯ ಮೇಲೆ. ಚಾಲಕನು ಪ್ರಾಣಭಯದಿಂದ ಬ್ರೇಕನ್ನು ತುಳಿದಿರುವ ಹೊತ್ತಿನಲ್ಲೇ, ಅವನ ಅಪ್ಪಣೆಯನ್ನು ಮೀರಿ, ಬ್ರೇಕು ತಾನಾಗಿ ಒಂದು ಕ್ಷಣ ಸಡಿಲವಾಗಬೇಕು. ಮರುಕ್ಷಣವೇ ಮತ್ತೆ ಹಿಡಿಯಬೇಕು. ಹೀಗೆ ಹಿಡಿದು ಬಿಟ್ಟು, ಬಿಟ್ಟು ಹಿಡಿಯುವ ಏರ್ಪಾಡಿಗೆ ಇಂದು ಎ.ಬಿ.ಎಸ್. ಎಂಬ ಹೆಸರು ಬಳಕೆಯಲ್ಲಿದೆ. ಈ ಮೂರಕ್ಷರ ಇಂಗ್ಲಿಷಿನದೆಂದೇ ಅನೇಕರು ತಿಳಿದಿದ್ದಾರೆ. ಮೂಲದಲ್ಲಿ ಅದು ಜರ್ಮನ್ ಭಾಷೆಯ ‘ಆಂಟಿಬ್ಲಾಕಿಯರ್‌ಸಿಸ್ಟೆಮ್’ ಎಂಬುದರ ಸಂಕ್ಷೇಪ.

ಬ್ರೇಕು ಏಕೆ ಬಿಟ್ಟುಕೊಡಬೇಕು ಎಂಬುದನ್ನು ಮೊದಲು ತಿಳಿಯಬೇಕು. ಉರುಳುವ ಚಕ್ರವು ನೆಲವನ್ನು ಹಿಡಿದುಕೊಂಡಿರುತ್ತದೆ. ಉರುಳುವುದನ್ನು ಪೂರ್ಣವಾಗಿ ನಿಲ್ಲಿಸಿದ ಚಕ್ರವು ನೆಲದ ಮೇಲೆ ಜಾರುತ್ತದೆ. ಉರುಳುವಿಕೆಯಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಮಾತ್ರ ಜಾರಿಕೆ ಬೆರೆತಿರುವಾಗ ಟೈರಿನ ಹಿಡಿತ ಬಹುಮಟ್ಟಿಗೆ ಪರಮಾವಧಿಯಲ್ಲಿರುತ್ತದೆ. ಅದನ್ನು ದಾಟಿ ಚಕ್ರ ಬಿಗಿದುಕೊಂಡಿತೋ, ನಿಲ್ಲುವ ಶಕ್ತಿ ಕುಗ್ಗುವುದು ಒಂದು ನಷ್ಟವಾದರೆ, ತಿರುಗುವ ಶಕ್ತಿಯೇ ಹೊರಟುಹೋಗುವುದು ಇನ್ನೂ ದೊಡ್ಡ ನಷ್ಟ. ಮುಂದಿನ ಚಕ್ರಗಳು ಬಿಗಿದಿರುವಾಗ ಚಾಲಕನು ಸ್ಟೀರಿಂಗನ್ನು ಯಾವ ಕಡೆಗೆ ತಿರುಗಿಸಿದರೂ ಕಾರು ತಾನು ಹಿಡಿದ ನೇರದಲ್ಲೇ ಸಾಗುತ್ತದೆ. ಎದುರಿಗೆ ಮಗುವಿರಲಿ, ಮರವಿರಲಿ, ಅದಕ್ಕೆ ಭೇದವಿಲ್ಲ. ಮಳೆಯಲ್ಲಿ ನೆನೆದ ಡಾಂಬರು ರಸ್ತೆಯ ಮೇಲೆ ಒಮ್ಮೆಯಾದರೂ ಜಾರಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ತೊಂದರೆಗೆ ಮೊದಲು ಕೆಲಸಕ್ಕೆ ಬರುವ ಪರಿಹಾರ ದೊರೆತದ್ದು ರಸ್ತೆಯ ಮೇಲಲ್ಲ, ವಿಮಾನ ನಿಲ್ದಾಣದಲ್ಲಿ. 1936ರಷ್ಟು ಹಿಂದೆಯೇ ಜರ್ಮನಿಯ ಬಾಷ್ ಸಂಸ್ಥೆ ಚಕ್ರ ಬಿಗಿಯದಂತೆ ತಡೆಯುವ ಸಾಧನವೊಂದಕ್ಕೆ ಹಕ್ಕುಪತ್ರ ಪಡೆದಿತ್ತಾದರೂ ಅದು ಕಾಗದದಲ್ಲೇ ಉಳಿಯಿತು. 1950ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಡನ್ಲಪ್ ಸಂಸ್ಥೆ ‘ಮ್ಯಾಕ್ಸರೆಟ್’ ಎಂಬ ಯಂತ್ರವನ್ನು ವಿಮಾನಗಳ ಚಕ್ರಕ್ಕೆ ಅಳವಡಿಸಿತು. ಅದರಲ್ಲಿ ವಿದ್ಯುತ್ತಿಲ್ಲ, ಗಣಿತವಿಲ್ಲ. ವಿಮಾನದ ಚಕ್ರದೊಡನೆ ತಿರುಗುವ ಒಂದು ಪುಟ್ಟ ಭಾರಗಾಲಿ ಇದ್ದಿತು, ಅಷ್ಟೆ. ಚಕ್ರವು ಹಠಾತ್ತಾಗಿ ನಿಧಾನವಾದರೆ ಭಾರಗಾಲಿ ತನ್ನ ಜಡತೆಯಿಂದ ಮುಂದಕ್ಕೆ ಓಡುವುದು; ಆ ಓಟವೇ ಒಂದು ಕವಾಟವನ್ನು ತೆರೆದು ಬ್ರೇಕಿನ ಒತ್ತಡವನ್ನು ಇಳಿಸುವುದು; ಚಕ್ರ ಚೇತರಿಸಿಕೊಂಡೊಡನೆ ಕವಾಟ ಮುಚ್ಚುವುದು. ಒದ್ದೆಯಾದ ಓಡುದಾರಿಯ ಮೇಲೆ ಭಾರಿ ವಿಮಾನಗಳು ಟೈರು ಸಿಡಿಸಿಕೊಳ್ಳದೆ ನಿಲ್ಲುವುದು ಇದರಿಂದ ಸಾಧ್ಯವಾಯಿತು.

ಮ್ಯಾಕ್ಸರೆಟ್ಟನ್ನು ರಸ್ತೆಗೆ ತರುವ ಯತ್ನಗಳಲ್ಲಿ ಒಂದನ್ನು ನಮ್ಮ ಕೇಳುಗರು ಆಸಕ್ತಿಯಿಂದ ಗಮನಿಸಬಹುದು. 1958ರಲ್ಲಿ ಬ್ರಿಟನ್ನಿನ ರಸ್ತೆ ಸಂಶೋಧನಾಲಯವು ಅದನ್ನು ಒಂದು ಮೋಟಾರುಸೈಕಲ್ಲಿಗೆ ಜೋಡಿಸಿ ಪರೀಕ್ಷಿಸಿತು. ಆ ಬಂಡಿ ರಾಯಲ್ ಎನ್‌ಫೀಲ್ಡ್ ಕಂಪನಿಯ ಸೂಪರ್ ಮೀಟಿಯರ್. ಫಲಿತಾಂಶಗಳು ಉತ್ಸಾಹದಾಯಕವಾಗಿದ್ದವು. ಕಂಪನಿಯ ತಾಂತ್ರಿಕ ನಿರ್ದೇಶಕರಿಗೆ ಮಾತ್ರ ಅದರಲ್ಲಿ ಭವಿಷ್ಯ ಕಾಣಲಿಲ್ಲ. ವಿಷಯ ಅಲ್ಲಿಗೇ ನಿಂತಿತು. 1966ರಲ್ಲಿ ಜೆನ್ಸನ್ ಎಫ್.ಎಫ್. ಎಂಬ ದುಬಾರಿ ಕಾರು ಮ್ಯಾಕ್ಸರೆಟ್ಟನ್ನು ಹೊತ್ತು ಮಾರುಕಟ್ಟೆಗೆ ಬಂದಿತು. 1971ರ ವರೆಗೆ ತಯಾರಾದ ಆ ಕಾರುಗಳ ಒಟ್ಟು ಸಂಖ್ಯೆ 320. ಕುಬೇರರ ಆಟಿಕೆ ಎನ್ನಬಹುದಾದ ಈ ಕಾರಿನಿಂದ ಸಾಮಾನ್ಯರಿಗೆ ಪ್ರಯೋಜನವೇನೂ ಆಗಲಿಲ್ಲ.

ಯಾಂತ್ರಿಕ ಸಾಧನಕ್ಕೆ ಒಂದು ಗುಣವಿತ್ತು: ಅದು ಚಕ್ರವನ್ನು ಮೈಮುಟ್ಟಿ ತಿಳಿಯುತ್ತಿತ್ತು. ಒಂದು ಕೊರತೆಯೂ ಇತ್ತು: ಅದು ನಿಧಾನಿ. ವೇಗ ಬೇಕಾದರೆ ಎಲೆಕ್ಟ್ರಾನಿಕ್ ವಿದ್ಯೆಯ ಮೊರೆ ಹೋಗಬೇಕಾಯಿತು. ಇಲ್ಲಿಂದ ಮುಂದೆ ಕಥೆಯಲ್ಲಿ ಒಂದು ತೊಡಕು ಹುಟ್ಟುತ್ತದೆ. ಇಂದಿಗೂ ಪ್ರತಿಯೊಂದು ಕಾರ್ಖಾನೆಯಲ್ಲಿ, ಪ್ರತಿಯೊಂದು ಗ್ಯಾರೇಜಿನಲ್ಲಿ ಎಂಜಿನಿಯರನೂ ಮೆಕಾನಿಕ್ಕನೂ ಸೆಣಸುತ್ತಿರುವುದು ಇದೇ ತೊಡಕಿನೊಡನೆ.

ಚಕ್ರದ ಗುಂಬದ ಸುತ್ತ ಹಲ್ಲುಗಳುಳ್ಳ ಒಂದು ಉಕ್ಕಿನ ಬಳೆ. ಅದರ ಎದುರಿಗೆ, ಸುಮಾರು ಒಂದು ಮಿಲಿಮೀಟರ್ ಅಂತರದಲ್ಲಿ, ತಂತಿ ಸುತ್ತಿದ ಒಂದು ಕಾಂತ. ಇದೇ ಸಂವೇದಕ, ನಮ್ಮ ಮೆಕಾನಿಕ್ಕುಗಳ ಬಾಯಲ್ಲಿ ಸೆನ್ಸರು. ಒಂದೊಂದು ಹಲ್ಲು ಎದುರಿಗೆ ಹಾದುಹೋದಾಗಲೂ ತಂತಿಯಲ್ಲಿ ಒಂದೊಂದು ವಿದ್ಯುತ್ತಿನ ತುಡಿತ. ಚಕ್ರ ವೇಗವಾಗಿ ತಿರುಗಿದರೆ ತುಡಿತ ಹೆಚ್ಚು, ನಿಧಾನವಾದರೆ ಕಡಿಮೆ, ನಿಂತರೆ ಶೂನ್ಯ. ನಾಡಿ ಹಿಡಿದ ವೈದ್ಯನಂತೆ ಗಣಕವು ನಾಲ್ಕು ಚಕ್ರಗಳ ನಾಡಿಯನ್ನೂ ಒಟ್ಟಿಗೆ ನೋಡುತ್ತಿರುತ್ತದೆ. ಮೂರು ನಾಡಿ ಮಿಡಿಯುತ್ತಿರುವಾಗ ಒಂದು ನಾಡಿ ಹಠಾತ್ತಾಗಿ ಸೊರಗಿದರೆ, ಆ ಚಕ್ರ ಬಿಗಿಯುತ್ತಿದೆಯೆಂದು ನಿಶ್ಚಯಿಸಿ ಅದರ ಬ್ರೇಕಿನ ದ್ರವದ ಒತ್ತಡವನ್ನು ಕವಾಟದ ಮೂಲಕ ಇಳಿಸುತ್ತದೆ.

ಆದರೆ ನಾಡಿ ಸಿಗದಿರುವುದಕ್ಕೆ ಎರಡು ಕಾರಣಗಳಿರಬಹುದಲ್ಲವೆ? ಚಕ್ರವೇ ನಿಂತಿರಬಹುದು. ಅಥವಾ ಚಕ್ರ ಸುಖವಾಗಿ ಉರುಳುತ್ತಿದ್ದು, ಅದನ್ನು ನೋಡುವ ಕಣ್ಣು ಕುರುಡಾಗಿರಬಹುದು. ತಂತಿ ಹರಿದರೂ ಶೂನ್ಯವೇ, ಹಲ್ಲಿನ ಬಳೆ ಜರುಗಿದರೂ ಶೂನ್ಯವೇ, ನಿಜವಾಗಿಯೂ ಚಕ್ರ ಬಿಗಿದರೂ ಶೂನ್ಯವೇ. ಮೊದಲನೆಯ ಎರಡು ಪ್ರಸಂಗಗಳಲ್ಲಿ ಗಣಕವು ಮೋಸಹೋಗಿ ಬ್ರೇಕನ್ನು ಸಡಿಲಿಸಿತೆನ್ನಿ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಸಾಮಾನ್ಯ ಯಂತ್ರ ಕೆಟ್ಟರೆ ಕೆಲಸ ನಿಲ್ಲುತ್ತದೆ. ಈ ಯಂತ್ರ ಕೆಟ್ಟರೆ ಕೆಲಸ ಮಾಡಿಬಿಡುತ್ತದೆ. ಅದರ ರೋಗವೂ ಅದರ ಕರ್ತವ್ಯವೂ ಒಂದೇ ಮುಖವನ್ನು ಹೊತ್ತಿವೆ. ಎ.ಬಿ.ಎಸ್.ನ ಚರಿತ್ರೆಯೆಂದರೆ ಬ್ರೇಕಿನ ಚರಿತ್ರೆಗಿಂತ ಹೆಚ್ಚಾಗಿ, ಈ ಎರಡು ಮುಖಗಳನ್ನು ಬೇರ್ಪಡಿಸಿ ಗುರುತಿಸಲು ಕಲಿತ ಚರಿತ್ರೆ ಎಂದು ನಾನು ಭಾವಿಸುತ್ತೇನೆ.

1960ರ ದಶಕದ ನಡುವಿನಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನ ಟೆಲ್ಡಿಕ್ಸ್ ಎಂಬ ಸಂಸ್ಥೆಯಲ್ಲಿ ಹೈನ್ಸ್ ಲೈಬರ್ ಎಂಬ ಎಂಜಿನಿಯರು ಈ ಕೆಲಸವನ್ನು ಕೈಗೆತ್ತಿಕೊಂಡರು. 1970ರ ಡಿಸೆಂಬರಿನಲ್ಲಿ ಸ್ಟುಟ್‌ಗಾರ್ಟ್ ನಗರದ ಉಂಟರ್‌ಟುರ್ಕ್‌ಹೈಮ್‌ನಲ್ಲಿ ಡೈಮ್ಲರ್-ಬೆನ್ಸ್ ಸಂಸ್ಥೆಯು ಪತ್ರಕರ್ತರನ್ನು ಕರೆಸಿ ಹೊಸ ಬ್ರೇಕನ್ನು ಪ್ರದರ್ಶಿಸಿತು. ಕಾರುಗಳು ಒದ್ದೆ ನೆಲದ ಮೇಲೆ ಬ್ರೇಕು ತುಳಿದ ಹಾಗೆಯೇ ತಿರುವುಗಳನ್ನು ತೆಗೆದುಕೊಂಡವು. ನೋಡಿದವರು ಬೆರಗಾದರು. ಆದರೆ ಅದು ಗಿರಾಕಿಯ ಕೈಗೆ ಬರಲು ಮತ್ತೆ ಎಂಟು ವರ್ಷಗಳು ಹಿಡಿದವು. ಪ್ರದರ್ಶನದ ದಿನ ಚೆನ್ನಾಗಿ ನಡೆದ ಯಂತ್ರವು ಹತ್ತು ವರ್ಷ ಧೂಳು, ಮಳೆ, ಹಿಮ, ಕಂಪನಗಳನ್ನು ಸಹಿಸಿಕೊಂಡು ನಡೆಯುವುದೆಂಬ ಭರವಸೆ ಯಾರಿಗೂ ಇರಲಿಲ್ಲ. ಆ ಮೊದಲ ನಮೂನೆಯ ಗಣಕದಲ್ಲಿ ಸುಮಾರು 1000 ಬಿಡಿಭಾಗಗಳಿದ್ದವು. ಒಂದೊಂದು ಭಾಗವೂ ಕೆಡಬಲ್ಲದು. ಕೆಟ್ಟರೆ ಯಾವುದು ಕೆಟ್ಟಿತೆಂದು ಹೇಳುವವರಿಲ್ಲ. ಬಾಷ್ ಸಂಸ್ಥೆಯು ಈ ಕೆಲಸವನ್ನು ವಹಿಸಿಕೊಂಡು, ಆಗಷ್ಟೆ ಬಳಕೆಗೆ ಬರುತ್ತಿದ್ದ ಅಂಕೀಯ ಮಂಡಲಗಳನ್ನು ಉಪಯೋಗಿಸಿ, ಭಾಗಗಳ ಸಂಖ್ಯೆಯನ್ನು 140ಕ್ಕೆ ಇಳಿಸಿತು. 1978ರಲ್ಲಿ ಮರ್ಸಿಡಿಸ್‌ನ ಎಸ್-ಶ್ರೇಣಿಯ ಕಾರುಗಳಲ್ಲಿ ಅದು ಮಾರಾಟಕ್ಕೆ ಬಂದಿತು. ಬೆಂಗಳೂರಿನವರಿಗೆ ಬಾಷ್ ಎಂಬ ಹೆಸರು ಅಪರಿಚಿತವಲ್ಲ. ದಶಕಗಳ ಕಾಲ ಆಡುಗೋಡಿಯ ಮೈಕೋ ಕಾರ್ಖಾನೆಯೆಂದು ನಾವು ಕರೆಯುತ್ತಿದ್ದುದು ಅದೇ ಸಂಸ್ಥೆಯ ಭಾರತೀಯ ಶಾಖೆಯನ್ನು. 2008ರಲ್ಲಿ ಅದು ಮೂಲದ ಹೆಸರನ್ನೇ ತಳೆಯಿತು.

ಭಾಗಗಳು ಕಡಿಮೆಯಾದುದು ಒಂದು ಲಾಭ. ಅದಕ್ಕಿಂತ ದೊಡ್ಡ ಲಾಭ ಬೇರೊಂದಿತ್ತು. ಅಂಕೀಯ ಗಣಕವು ಚಕ್ರಗಳ ನಾಡಿಯೊಡನೆ ತನ್ನ ನಾಡಿಯನ್ನೂ ನೋಡಿಕೊಳ್ಳಬಲ್ಲದು. ಕೀಲಿ ತಿರುಗಿಸಿದೊಡನೆ ಅದು ತಂತಿಗಳು ಅಖಂಡವಾಗಿವೆಯೇ ಎಂದು ಪರೀಕ್ಷಿಸುತ್ತದೆ. ಬಂಡಿ ಹೊರಟೊಡನೆ ನಾಲ್ಕು ಚಕ್ರಗಳಿಂದಲೂ ತುಡಿತ ಬರುತ್ತಿದೆಯೇ, ಅವು ಒಂದಕ್ಕೊಂದು ಹೊಂದುತ್ತವೆಯೇ ಎಂದು ತಾಳೆ ನೋಡುತ್ತದೆ. ಕ್ರಮೇಣ ಒಂದೇ ಲೆಕ್ಕವನ್ನು ಎರಡು ಗಣಕಗಳು ಬೇರೆಬೇರೆಯಾಗಿ ಮಾಡಿ ಉತ್ತರಗಳನ್ನು ಹೋಲಿಸುವ ಪದ್ಧತಿಯೂ ಬಂದಿತು. ಎಲ್ಲಿಯಾದರೂ ಅನುಮಾನ ಹುಟ್ಟಿತೋ, ಗಣಕವು ಅಧಿಕಾರವನ್ನು ತಾನಾಗಿ ತ್ಯಜಿಸಿ ಚಾಲಕನ ಮುಂದಿನ ಫಲಕದಲ್ಲಿ ಒಂದು ಹಳದಿ ದೀಪವನ್ನು ಹಚ್ಚುತ್ತದೆ. ಅಲ್ಲಿಂದ ಮುಂದೆ ಬ್ರೇಕು ಹಳೆಯ ಕಾಲದ ಸಾದಾ ಬ್ರೇಕಿನಂತೆ ನಡೆಯುತ್ತದೆ. ಅನುಮಾನ ಬಂದಾಗ ಅಧಿಕಾರ ಬಿಡುವುದು ಯಂತ್ರಲೋಕದಲ್ಲಿ ಸಾಧ್ಯವಾಯಿತು. ಮನುಷ್ಯಲೋಕದ ಮಾತು ಇಲ್ಲಿ ಬೇಡ.

ಈ ದೀಪದ ಬೆಲೆ ಏನೆಂಬುದನ್ನು ಅದೇ ಕಾಲದಲ್ಲಿ ಅಮೆರಿಕ ದೇಶ ಬಹಳ ಕಷ್ಟದಿಂದ ಕಲಿಯಿತು. ಅಲ್ಲಿಯ ಸರ್ಕಾರ ಗಾಳಿಬ್ರೇಕಿನ ಭಾರಿ ಲಾರಿಗಳು ಚಕ್ರ ಬಿಗಿಯದೆ ನಿಗದಿಯಾದ ದೂರದೊಳಗೆ ನಿಲ್ಲಬೇಕೆಂದು ವಿಧಿಸಿದ ನಿಯಮವು 1975ರಲ್ಲಿ ಜಾರಿಗೆ ಬಂದಿತು. ಉದ್ದೇಶ ಪ್ರಶಂಸನೀಯ. ಆದರೆ ಲಾರಿಗಳಿಗೆ ಜೋಡಿಸಿದ ಗಣಕಗಳು ಇನ್ನೂ ಹಸುಗೂಸುಗಳು. ಒಳ್ಳೆಯ ರಸ್ತೆಯ ಮೇಲೆ ಕಾರಣವಿಲ್ಲದೆ ಬ್ರೇಕು ಸಡಿಲವಾಯಿತೆಂಬ ದೂರುಗಳು ಬರತೊಡಗಿದವು. ಅನೇಕ ಮಾಲೀಕರು ತಂತಿಗಳನ್ನು ಕಿತ್ತೊಗೆದು, ಹಳೆಯ ಬ್ರೇಕೇ ಲೇಸೆಂದರು. ವ್ಯಾಜ್ಯ ನ್ಯಾಯಾಲಯವನ್ನು ಮುಟ್ಟಿತು. 1978ರಲ್ಲಿ ಮೇಲ್ಮನವಿಯ ನ್ಯಾಯಾಲಯವು, ಜಾರಿಗೆ ತಂದ ಕಾಲಕ್ಕೆ ಈ ನಿಯಮ ಯುಕ್ತವೂ ಆಗಿರಲಿಲ್ಲ, ಆಚರಣಸಾಧ್ಯವೂ ಆಗಿರಲಿಲ್ಲ ಎಂದು ಹೇಳಿ ಅದರ ಮುಖ್ಯಾಂಶವನ್ನು ತಳ್ಳಿಹಾಕಿತು. ಜರ್ಮನಿಯಲ್ಲಿ ಎಸ್-ಶ್ರೇಣಿಯ ಕಾರು ಹೊರಬಂದದ್ದೂ ಅದೇ ವರ್ಷ ಎಂಬುದನ್ನು ನೆನೆದರೆ, ಒಂದೇ ವಿದ್ಯೆ ಒಂದು ದಂಡೆಯಲ್ಲಿ ಪಟ್ಟಕ್ಕೇರಿದಾಗ ಇನ್ನೊಂದು ದಂಡೆಯಲ್ಲಿ ಗಡೀಪಾರಾದುದು ವಿಚಿತ್ರವೆನಿಸುತ್ತದೆ. ನನಗೆ ನ್ಯಾಯಾಲಯದ ಮೇಲೆ ಕೋಪವಿಲ್ಲ. ತನ್ನ ತಪ್ಪನ್ನು ತಾನು ಕಂಡುಹಿಡಿಯಲಾರದ ಯಂತ್ರವನ್ನು ಸಾವಿರಾರು ಚಾಲಕರ ಕಾಲಡಿಗೆ ಇಡುವುದು ಸುಧಾರಣೆಯಲ್ಲ, ಜೂಜು.

ಆಗಿನ ಗಣಕಗಳನ್ನು ಕಾಡಿದ ಶತ್ರುಗಳಲ್ಲಿ ಒಂದನ್ನು ರೇಡಿಯೋ ಕೇಂದ್ರದಲ್ಲಿ ಕುಳಿತು ಹೇಳಲು ಸಂಕೋಚವಾಗುತ್ತದೆ. ಆ ಶತ್ರು ರೇಡಿಯೋ ಅಲೆಗಳೇ. ವಿದ್ಯುತ್ಕಾಂತ ಅಲೆಗಳ ಕಿರುಕುಳದಿಂದ ಕೆಟ್ಟ ಯಂತ್ರಗಳ ಬಗ್ಗೆ ಅಮೆರಿಕದ ನಾಸಾ ಸಂಸ್ಥೆ 1995ರಲ್ಲಿ ಪ್ರಕಟಿಸಿದ ವರದಿಯಲ್ಲಿ ಒಂದು ಪ್ರಸಂಗವಿದೆ. ಜರ್ಮನಿಯ ಹೆದ್ದಾರಿಯ ಒಂದು ತಿರುವಿನಲ್ಲಿ, ಹತ್ತಿರದ ರೇಡಿಯೋ ಪ್ರಸಾರ ಗೋಪುರದ ಪ್ರಭಾವದಿಂದ, ಆರಂಭಕಾಲದ ಎ.ಬಿ.ಎಸ್. ಕಾರುಗಳ ಬ್ರೇಕು ದಾರಿತಪ್ಪುತ್ತಿತ್ತಂತೆ. ತತ್ಕಾಲದ ಪರಿಹಾರವಾಗಿ ರಸ್ತೆಯ ಪಕ್ಕದಲ್ಲಿ ತಂತಿಯ ಜಾಲರಿಯ ಪರದೆಯನ್ನು ಕಟ್ಟಬೇಕಾಯಿತು. ಸಂವೇದಕದ ತಂತಿಯಲ್ಲಿ ಬರುವ ತುಡಿತ ಎಷ್ಟು ಕ್ಷೀಣವೆಂದರೆ, ದೂರದ ಸಂಗೀತ ಕಛೇರಿಯನ್ನು ಹೊತ್ತ ಅಲೆಯೂ ಅದನ್ನು ಕಲಕಬಲ್ಲದಾಗಿತ್ತು. ಇಂದಿನ ಬಂಡಿಗಳಲ್ಲಿ ಸಂವೇದಕದ ಎರಡು ತಂತಿಗಳನ್ನು ಹಗ್ಗದಂತೆ ಹೊಸೆದು ಒಯ್ಯುವುದಕ್ಕೆ ಇಂಥ ಕಿರುಕುಳವೇ ಕಾರಣ. ಆ ಹೊಸೆತವನ್ನು ಬಿಚ್ಚಿ ಬೇರೆ ತಂತಿಯನ್ನು ನೇರವಾಗಿ ಜೋಡಿಸುವ ಮೆಕಾನಿಕ್ಕು ತಿಳಿಯದೆಯೇ ಹಳೆಯ ರೋಗಕ್ಕೆ ಬಾಗಿಲು ತೆರೆಯುತ್ತಾನೆ.

ಇನ್ನು ದೀಪ ಹತ್ತಿದ ಮೇಲಿನ ಕಥೆ. ಗಣಕವು ತಾನು ಕಂಡ ದೋಷವನ್ನು ಸಂಕೇತವಾಗಿ ಬರೆದಿಟ್ಟುಕೊಳ್ಳುತ್ತದೆ. 1980ರ ದಶಕದ ಅನೇಕ ಕಾರುಗಳಲ್ಲಿ ಅದನ್ನು ಓದಲು ಯಾವ ಯಂತ್ರವೂ ಬೇಕಿರಲಿಲ್ಲ. ಎರಡು ತುದಿಗಳನ್ನು ಒಂದು ತಂತಿಯ ತುಂಡಿನಿಂದ ಕೂಡಿಸಿದರೆ ಹಳದಿ ದೀಪವೇ ಮಿಟುಕತೊಡಗುವುದು. ಮೆಕಾನಿಕ್ಕು ಪೆನ್ಸಿಲು ಹಿಡಿದು ಎಣಿಸಿಕೊಳ್ಳುವನು: ಎರಡು ಮಿಟುಕು, ಒಂದು ಬಿಡುವು, ಮತ್ತೆ ಒಂದು ಮಿಟುಕು. 1996ರಿಂದ ಅಮೆರಿಕದ ಕಾರುಗಳಿಗೆಲ್ಲ ಏಕರೂಪದ ಹದಿನಾರು ತುದಿಗಳ ಕಿಂಡಿ ಕಡ್ಡಾಯವಾಯಿತು. ಆ ಕಟ್ಟಳೆ ಹುಟ್ಟಿದ್ದು ಹೊಗೆಯನ್ನು ನಿಯಂತ್ರಿಸಲು. ಆದುದರಿಂದ ಎಂಜಿನ್ನಿನ ದೋಷಗಳನ್ನು ಓದುವ ಅಗ್ಗದ ಉಪಕರಣಗಳಲ್ಲಿ ಹಲವು ಬ್ರೇಕಿನ ದೋಷದ ವಿಷಯದಲ್ಲಿ ಇಂದಿಗೂ ಮೌನ. ಬ್ರೇಕು ಮೊದಲಾದ ಅಂಗಗಳ ಸಂಕೇತಗಳು ‘ಸಿ’ ಅಕ್ಷರದಿಂದ ಆರಂಭವಾಗುತ್ತವೆ. ಎಂಜಿನ್ನಿನವು ‘ಪಿ’ ಅಕ್ಷರದಿಂದ.

ಸಂಕೇತ ಸಿಕ್ಕಿತೆಂದರೆ ರೋಗ ಸಿಕ್ಕಿತೆಂದು ತಿಳಿಯುವುದು ಅವಸರ. ಸಿ0035 ಎಂದು ಬಂದರೆ ಎಡಮುಂಗಾಲಿಯ ಸಂವೇದಕದ ಮಂಡಲದಲ್ಲಿ ತೊಂದರೆ ಎಂದರ್ಥ. ಮಂಡಲ ಎಂಬ ಮಾತನ್ನು ಗಮನಿಸಬೇಕು. ಗಣಕವು ಬೀದಿಯ ಹೆಸರನ್ನು ಹೇಳುತ್ತದೆಯೇ ಹೊರತು ಮನೆಯ ನಂಬರನ್ನಲ್ಲ. ಆ ಬೀದಿಯಲ್ಲಿ ಸಂವೇದಕವೂ ಇದೆ, ಮೀಟರುಗಟ್ಟಲೆ ತಂತಿಯೂ ಇದೆ, ನೀರು ಹೊಗುವ ಜೋಡಣೆಯೂ ಇದೆ, ಹಲ್ಲಿನ ಬಳೆಯೂ ಇದೆ, ಅದನ್ನು ಹೊತ್ತ ಬೇರಿಂಗೂ ಇದೆ. ಇದನ್ನು ಯೋಚಿಸದೆ ಹೊಸ ಸಂವೇದಕವನ್ನು ಹಾಕಿ ಹಣ ವಸೂಲು ಮಾಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ವಾರ ಕಳೆಯುವುದರೊಳಗೆ ದೀಪ ಮತ್ತೆ ಹತ್ತುತ್ತದೆ.

ಬಲ್ಲ ಮೆಕಾನಿಕ್ಕಿನ ಕ್ರಮ ಬೇರೆ. ಹಳೆಯ ಬಗೆಯ ಕಾಂತ ಸಂವೇದಕವಾದರೆ ಅದರ ತಂತಿಸುರುಳಿಯ ವಿದ್ಯುತ್ ತಡೆಯನ್ನು ಅಳೆಯುತ್ತಾನೆ. ಸಾಮಾನ್ಯವಾಗಿ ಅದು ಒಂದೆರಡು ಸಾವಿರ ಓಮ್‌ಗಳ ಆಸುಪಾಸಿನಲ್ಲಿರುತ್ತದೆ. ಅಷ್ಟಕ್ಕೇ ನಿಲ್ಲದೆ, ಅಳೆಯುತ್ತಿರುವಾಗಲೇ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿಸುತ್ತಾನೆ. ಮುಂದಿನ ಚಕ್ರದ ತಂತಿ ಪ್ರತಿ ತಿರುವಿನಲ್ಲೂ ಬಾಗುವುದರಿಂದ, ಹೊದಿಕೆ ಸರಿಯಾಗಿದ್ದೂ ಒಳಗಿನ ತಾಮ್ರದ ಎಳೆ ಮುರಿದಿರುವುದುಂಟು. ನೇರ ನಿಂತಾಗ ಸರಿ, ತಿರುಗಿದಾಗ ಹರಿದ ತಂತಿ! ಅನಂತರ ಚಕ್ರವನ್ನು ಎತ್ತಿ ಕೈಯಿಂದ ತಿರುಗಿಸಿ ತುಡಿತ ಬರುತ್ತದೆಯೇ ನೋಡುತ್ತಾನೆ. ಚಕ್ರವನ್ನು ಅಲುಗಿಸಿ ಬೇರಿಂಗ್ ಸಡಿಲವಾಗಿದೆಯೇ ಪರೀಕ್ಷಿಸುತ್ತಾನೆ. ಬೇರಿಂಗ್ ಓಲಾಡಿದರೆ ಬಳೆಗೂ ಸಂವೇದಕಕ್ಕೂ ನಡುವಣ ಆ ಒಂದು ಮಿಲಿಮೀಟರೂ ಓಲಾಡುತ್ತದೆ. ತುಕ್ಕಿನಿಂದ ಉಬ್ಬಿ ಬಳೆ ಬಿರುಕುಬಿಟ್ಟಿದ್ದರೆ, ಬಿರುಕಿನ ಜಾಗದಲ್ಲಿ ಹಲ್ಲುಗಳ ಅಂತರ ಹೆಚ್ಚಾಗಿ, ಪ್ರತಿ ಸುತ್ತಿಗೂ ಒಮ್ಮೆ ಚಕ್ರ ಎಡವಿದಂತೆ ಗಣಕಕ್ಕೆ ತೋರುತ್ತದೆ. ಕಾಂತಕ್ಕೆ ಅಂಟಿದ ಕಬ್ಬಿಣದ ಪುಡಿ, ಅಳತೆ ಬೇರೆಯಾದ ಒಂದು ಟೈರು, ಸೊರಗಿದ ಬ್ಯಾಟರಿ, ಇವೂ ದೀಪವನ್ನು ಹಚ್ಚಬಲ್ಲವು; ಅವುಗಳ ವಿವರಕ್ಕೆ ಹೋಗುವುದಿಲ್ಲ.

ಇವೆಲ್ಲ ದೀಪ ಹತ್ತುವ ರೋಗಗಳು. ದೀಪವೇ ಹತ್ತದ ಒಂದು ರೋಗದ ಚರಿತ್ರೆಯನ್ನು ಈಗ ಹೇಳಬೇಕು.

ಅಮೆರಿಕದ ಉತ್ತರ ಸೀಮೆಯ ರಾಜ್ಯಗಳಲ್ಲಿ ಚಳಿಗಾಲದ ಹಿಮವನ್ನು ಕರಗಿಸಲು ರಸ್ತೆಗಳಿಗೆ ಉಪ್ಪು ಚೆಲ್ಲುತ್ತಾರೆ. ಜನರಲ್ ಮೋಟಾರ್ಸ್ ಸಂಸ್ಥೆಯ 1999ರಿಂದ 2002ರ ವರೆಗಿನ ಮಾದರಿಗಳ ಕೆಲವು ಪಿಕಪ್ ಲಾರಿಗಳಲ್ಲಿಯೂ ಅದೇ ಜಾತಿಯ ದೊಡ್ಡ ಬಂಡಿಗಳಲ್ಲಿಯೂ ಅಲ್ಲಿಯ ಜನ ಒಂದು ವಿಚಿತ್ರವನ್ನು ಕಂಡರು. ಒಣಗಿದ ಸಮತಟ್ಟಾದ ರಸ್ತೆಯಲ್ಲಿ, ಇನ್ನೇನು ನಿಲ್ಲಬೇಕು ಎನ್ನುವ ನಿಧಾನ ವೇಗದಲ್ಲಿ, ಪೆಡಲು ಕಾಲಡಿ ಗಡಗಡನೆ ನಡುಗಿ ಬಂಡಿ ನಿಲ್ಲದೆ ಮುಂದಕ್ಕೆ ಜರುಗುತ್ತಿತ್ತು. ಎದುರಿನ ಕಾರಿಗೆ ಹೋಗಿ ತಾಗಿದ ದೂರುಗಳು ಬಂದವು. ಫಲಕದಲ್ಲಿ ಹಳದಿ ದೀಪವಿಲ್ಲ. ಗಣಕದ ನೆನಪಿನಲ್ಲಿ ದೋಷದ ಸಂಕೇತವಿಲ್ಲ. ಗಣಕವನ್ನು ಕೇಳಿದರೆ ಎಲ್ಲವೂ ಕ್ಷೇಮ.

ನಡೆದಿದ್ದದ್ದು ಇಷ್ಟು. ಚಕ್ರದ ಗುಂಬಕ್ಕೆ ಸಂವೇದಕವನ್ನು ಕೂರಿಸಿದ ಸಮತಲದ ಮೇಲೆ ಉಪ್ಪಿನಿಂದ ತುಕ್ಕು ಹಿಡಿಯಿತು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವ ವಸ್ತು. ಅದು ಉಬ್ಬುತ್ತ ಉಬ್ಬುತ್ತ ಸಂವೇದಕವನ್ನು ಕೂದಲೆಳೆಯಷ್ಟು ಮೇಲಕ್ಕೆತ್ತಿತು. ಅಂತರ ಹೆಚ್ಚಿದಂತೆ ತುಡಿತ ಕ್ಷೀಣಿಸಿತು. ವೇಗದಲ್ಲಿರುವಾಗ ತುಡಿತ ಸ್ವಭಾವತಃ ಪ್ರಬಲವಾದುದರಿಂದ ಕೊರತೆ ಗೊತ್ತಾಗಲಿಲ್ಲ. ಗಣಕದ ಪರೀಕ್ಷೆಗಳಲ್ಲೆಲ್ಲ ಸಂವೇದಕ ತೇರ್ಗಡೆಯಾಯಿತು. ಬಂಡಿ ನಿಲ್ಲುವ ಹಂತಕ್ಕೆ ಬಂದಾಗ ಮಾತ್ರ, ಉಳಿದ ಚಕ್ರಗಳ ನಾಡಿ ಇನ್ನೂ ಮಿಡಿಯುತ್ತಿರುವಾಗಲೇ, ಈ ಚಕ್ರದ ನಾಡಿ ತಟಕ್ಕನೆ ಆರಿತು. ಚಕ್ರ ಬಿಗಿದಾಗ ಕಾಣುವುದೂ ಅಕ್ಷರಶಃ ಇದೇ ಚಿತ್ರ. ಗಣಕವು ತನ್ನ ಕರ್ತವ್ಯವನ್ನು ಶ್ರದ್ಧೆಯಿಂದ ನೆರವೇರಿಸಿ ಬ್ರೇಕನ್ನು ಸಡಿಲಿಸಿತು. 2005ರಲ್ಲಿ ಉಪ್ಪಿನ ಸೀಮೆಯ ರಾಜ್ಯಗಳಿಂದ ಸುಮಾರು 8 ಲಕ್ಷ ಬಂಡಿಗಳನ್ನು ಹಿಂದಕ್ಕೆ ಕರೆಸಿ ತುಕ್ಕನ್ನು ಕೆರೆದು, ಲೇಪ ಹಚ್ಚಿ, ಬೇಕಾದ ಕಡೆ ಸಂವೇದಕವನ್ನು ಬದಲಾಯಿಸಿಕೊಡಬೇಕಾಯಿತು. ನಿಂತ ಚಕ್ರವನ್ನೂ ಕಾಣದ ಕಣ್ಣನ್ನೂ ಬೇರ್ಪಡಿಸುವ ವಿದ್ಯೆ 1978ರಲ್ಲಿ ಕೈವಶವಾಯಿತೆಂದುಕೊಂಡಿದ್ದವರಿಗೆ, ಇಪ್ಪತ್ತೇಳು ವರ್ಷಗಳ ಮೇಲೆ, ಒಂದು ಚಿಟಿಕೆ ತುಕ್ಕು ಮತ್ತೆ ಅದೇ ಪ್ರಶ್ನೆಯನ್ನು ಕೇಳಿತು.

ಇಂಥ ರೋಗವನ್ನು ಗಣಕದ ಸಂಕೇತದಿಂದ ಹಿಡಿಯಲಾಗದು, ಮನುಷ್ಯನೇ ಹಿಡಿಯಬೇಕು. ಎ.ಬಿ.ಎಸ್.ನ ಫ್ಯೂಸನ್ನು ತೆಗೆದು ನಿರ್ಜನವಾದ ಜಾಗದಲ್ಲಿ ನಿಧಾನವಾಗಿ ಓಡಿಸಿ ನೋಡಿದರೆ ನಡುಕ ಮಾಯವಾಗುತ್ತದೆಯೇ? ಮಾಯವಾದರೆ ತಪ್ಪು ಬ್ರೇಕಿನ ತಟ್ಟೆಯದಲ್ಲ, ಗಣಕಕ್ಕೆ ದೊರೆತ ಸುದ್ದಿಯದು. ಬಳಿಕ ನಾಲ್ಕು ಚಕ್ರಗಳ ವೇಗವನ್ನು ಪರದೆಯ ಮೇಲೆ ನಾಲ್ಕು ಗೆರೆಗಳಾಗಿ ಮೂಡಿಸಿ, ಬಂಡಿಯನ್ನು ಮೆಲ್ಲಗೆ ನಿಲ್ಲಿಸಬೇಕು. ಮೂರು ಗೆರೆಗಳು ಮೆಟ್ಟಿಲಿಳಿದಂತೆ ಸೊನ್ನೆಗೆ ಬಂದು, ನಾಲ್ಕನೆಯದು ನಡುವೆಯೇ ಬಾವಿಗೆ ಬಿದ್ದಂತೆ ಬಿದ್ದರೆ, ಅದೇ ಕಳ್ಳ.

ಇಂಥ ಅನುಭವಗಳಿಂದಾಗಿಯೇ ಎಂಬಂತೆ ಕಾಂತ ಸಂವೇದಕದ ಜಾಗಕ್ಕೆ ವಿದ್ಯುತ್ತನ್ನು ಪಡೆದು ಕೆಲಸ ಮಾಡುವ ಹೊಸ ಬಗೆಯ ಸಂವೇದಕ ಬಂದಿದೆ. ಅದು ಬಹುತೇಕ ನಿಂತ ಚಕ್ರದ ಚಲನೆಯನ್ನೂ ಕಾಣಬಲ್ಲದು. ಅದರೊಡನೆ ಹೊಸ ಪ್ರಮಾದಗಳೂ ಬಂದಿವೆ. ಉಕ್ಕಿನ ಹಲ್ಲುಗಳ ಬದಲು ಕೆಲವು ಬೇರಿಂಗುಗಳ ಒಂದು ಪಕ್ಕದ ಮುಚ್ಚಳದಲ್ಲಿ ಕಾಂತದ ಧ್ರುವಗಳನ್ನು ಅಡಗಿಸಿಟ್ಟಿರುತ್ತಾರೆ. ಕಣ್ಣಿಗೆ ಎರಡು ಪಕ್ಕಗಳೂ ಒಂದೇ. ಬೇರಿಂಗನ್ನು ತಿರುವುಮುರುವಾಗಿ ಕೂರಿಸಿದರೆ ಹೊಚ್ಚಹೊಸ ಸಂವೇದಕಕ್ಕೂ ಏನೂ ಕಾಣಿಸದು. ಹಳೆಯ ಅಭ್ಯಾಸದಂತೆ ಇದರ ತಡೆಯನ್ನು ಓಮ್ ಲೆಕ್ಕದಲ್ಲಿ ಅಳೆಯಹೊರಟರೆ ಅರ್ಥವಿಲ್ಲದ ಅಂಕಿ ಸಿಗುತ್ತದೆ. ಸಂವೇದಕ ಕೆಟ್ಟರೂ ಕೆಟ್ಟೀತು.

ಕಾರನ್ನು ಓಡಿಸುವವನ ಪಾಲಿನ ರೋಗನಿದಾನವೂ ಒಂದಿದೆ. ಗಣಕದ ಭ್ರಾಂತಿ ಒಂದು ಬಗೆಯಾದರೆ ಚಾಲಕನ ಭ್ರಾಂತಿ ಅದರ ಕನ್ನಡಿಯ ಬಿಂಬ. ತುರ್ತಿನಲ್ಲಿ ಎ.ಬಿ.ಎಸ್. ಸರಿಯಾಗಿ ಕೆಲಸ ಮಾಡಿದಾಗ ಪೆಡಲು ನಡುಗುತ್ತದೆ, ಗರಗರ ಸದ್ದಾಗುತ್ತದೆ. ಇದು ಆರೋಗ್ಯದ ಲಕ್ಷಣ. ಆದರೆ ಮೊದಲ ಸಲ ಅದನ್ನು ಅನುಭವಿಸಿದವನು ಬ್ರೇಕು ಮುರಿಯಿತೆಂದು ಬೆದರಿ ಕಾಲನ್ನು ಎತ್ತಿಬಿಡುವುದುಂಟು. ಹಳೆಯ ಕಾಲದ ಚಾಲಕನು ತನಗೆ ಕಲಿಸಿದಂತೆ ಪೆಡಲನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಗಣಕದ ಕೆಲಸವನ್ನೇ ಕೆಡಿಸುವುದುಂಟು. ಅಮೆರಿಕದ ರಸ್ತೆ ಸುರಕ್ಷಾ ಇಲಾಖೆ 2009ರಲ್ಲಿ ದೀರ್ಘಕಾಲದ ಅಂಕಿಅಂಶಗಳನ್ನು ಕಲೆಹಾಕಿದಾಗ, ಎ.ಬಿ.ಎಸ್.ನಿಂದ ಕಾರುಗಳ ಒಟ್ಟು ಅಪಘಾತಗಳು ನೂರಕ್ಕೆ ಆರರಷ್ಟು ಇಳಿದದ್ದು ಕಂಡಿತು. ಪ್ರಾಣಾಂತಿಕ ಅಪಘಾತಗಳ ಒಟ್ಟು ಸಂಖ್ಯೆಯ ಮೇಲಿನ ಪರಿಣಾಮ ಮಾತ್ರ ಸೊನ್ನೆಗೆ ಸಮೀಪವಾಗಿತ್ತು. ಉಬ್ಬಿದ ಜಾಹೀರಾತುಗಳನ್ನು ನಂಬಿದ್ದವರಿಗೆ ಇದು ತಣ್ಣೀರು. ಎರಡು ಚಕ್ರದ ಬಂಡಿಯ ವಿಷಯ ಹಾಗಲ್ಲ. ಅಲ್ಲಿ ಮುಂಗಾಲಿ ಬಿಗಿಯಿತೆಂದರೆ ಸವಾರ ನೆಲಕ್ಕೆ ಬಿದ್ದನೆಂದೇ ಲೆಕ್ಕ.

1978ರಲ್ಲಿ ಸೋತ ಅಮೆರಿಕದ ಲಾರಿ ನಿಯಮ 1995ರಲ್ಲಿ ಹೊಸ ರೂಪದಲ್ಲಿ ಮರಳಿ ಬಂದಿತು. 1997ರಿಂದ ಹಂತಹಂತವಾಗಿ ಜಾರಿಯಾಯಿತು. ಈ ಸಲ ಶಾಸನ ಬರೆದವರು ಬ್ರೇಕಿನಷ್ಟೇ ಕಾಳಜಿಯಿಂದ ದೀಪದ ವಿಷಯವನ್ನೂ ಬರೆದರು. ಎಳೆಬಂಡಿಯ ಎಡಬದಿಯಲ್ಲಿ, ಹಿಂಭಾಗದ ಸಮೀಪ, ಎ.ಬಿ.ಎಸ್. ದೋಷವನ್ನು ತೋರಿಸುವ ಹಳದಿ ದೀಪವಿರಬೇಕು. ಚಾಲಕನು ತನ್ನ ಕನ್ನಡಿಯಲ್ಲಿ, ತಪಾಸಣೆಯ ಅಧಿಕಾರಿ ರಸ್ತೆಯ ಪಕ್ಕದಲ್ಲಿ ಅದನ್ನು ಕಾಣುವಂತಿರಬೇಕು. 2001ರಿಂದ ತಯಾರಾದ ಎಳೆಯುವ ಲಾರಿಗಳಲ್ಲಿ ಚಾಲಕನ ಎದುರಿಗೂ ಒಂದು ದೀಪ.

ನಮ್ಮ ದೇಶದಲ್ಲಿ 125 ಸಿ.ಸಿ.ಗಿಂತ ದೊಡ್ಡ ಎಂಜಿನ್ನಿನ ಮೋಟಾರುಸೈಕಲ್ಲುಗಳಿಗೆ ಎ.ಬಿ.ಎಸ್. ಕಡ್ಡಾಯವಾದದ್ದು ಹೊಸ ಮಾದರಿಗಳಿಗೆ 2018ರ ಏಪ್ರಿಲ್ 1ರಿಂದ, ಎಲ್ಲ ಮಾದರಿಗಳಿಗೆ 2019ರ ಏಪ್ರಿಲ್ 1ರಿಂದ. ಹೀಗೆ, 1958ರಲ್ಲಿ ಬ್ರಿಟನ್ನಿನಲ್ಲಿ ತಿರಸ್ಕೃತವಾದ ವಿದ್ಯೆಯನ್ನು ಮದರಾಸಿನ ಸೀಮೆಯಲ್ಲಿ ನೆಲೆಸಿದ ಅದೇ ರಾಯಲ್ ಎನ್‌ಫೀಲ್ಡ್ ಹೆಸರಿನ ಬಂಡಿಗಳು ಅರುವತ್ತು ವರ್ಷಗಳ ಮೇಲೆ ಕಾನೂನಿನ ಮೂಲಕ ಸ್ವೀಕರಿಸಿದವು.

ಹಳೆಯ ಕಾರನ್ನೋ ಮೋಟಾರುಸೈಕಲ್ಲನ್ನೋ ಕೊಳ್ಳಹೊರಟ ಕೇಳುಗರಿಗೆ ಒಂದು ಮಾತು. ಹತ್ತಿ ಆರದ ದೀಪಕ್ಕಿಂತ, ಹತ್ತಲೇ ಹತ್ತದ ದೀಪ ಹೆಚ್ಚು ಅನುಮಾನಕ್ಕೆ ಅರ್ಹ. ದುರಸ್ತಿಯ ಖರ್ಚಿಗೆ ಹೆದರಿ ಬಲ್ಬನ್ನೇ ಕಿತ್ತುಹಾಕಿ ಮಾರುವವರಿದ್ದಾರೆ. ಕೀಲಿ ತಿರುಗಿಸಿದೊಡನೆ ಎ.ಬಿ.ಎಸ್. ದೀಪ ಬೆಳಗಲೇಬೇಕು. ಕಾರಿನಲ್ಲಿ ಅದು ಸಾಮಾನ್ಯವಾಗಿ ಕೆಲವು ಕ್ಷಣಗಳಲ್ಲಿ ಆರುತ್ತದೆ. ಅನೇಕ ಮೋಟಾರುಸೈಕಲ್ಲುಗಳಲ್ಲಿ ನಿಂತಲ್ಲಿ ಎಷ್ಟು ಹೊತ್ತು ಕಾದರೂ ಆರುವುದಿಲ್ಲ. ಅದನ್ನು ದೋಷವೆಂದು ತಿಳಿದು ಅಂಗಡಿಗೆ ಮರಳಿ ಒಯ್ದವರುಂಟು. ನಿಂತ ಚಕ್ರವನ್ನು ನೋಡಿ ಕಣ್ಣು ಸರಿಯಿದೆಯೇ ಇಲ್ಲವೇ ಎಂದು ಹೇಳಲು ಗಣಕಕ್ಕೆ ಆಗದು. ಬಂಡಿ ಹೊರಟು, ಚಕ್ರಗಳು ಉರುಳಿ, ತುಡಿತ ಬಂದು ಮುಟ್ಟಿದ ಮೇಲೆಯೇ ಅದು ದೀಪವನ್ನು ಆರಿಸುತ್ತದೆ.